ಪದವಿ ಒಂದೇ, ಗಡಿಗೊಂದು ಬೆಲೆ

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



1994ರ ಫೆಬ್ರವರಿ 9ರಂದು ಯುರೋಪಿನ ನ್ಯಾಯಾಲಯವು ಇಬ್ಬರು ದಂತವೈದ್ಯರ ಪ್ರಕರಣಗಳಲ್ಲಿ ತೀರ್ಪು ನೀಡಿತು. ಒಬ್ಬರು ತವೀಲ್-ಆಲ್ಬರ್ಟಿನಿ. ಫ್ರಾನ್ಸಿನ ಪ್ರಜೆ, ಪದವಿ ಲೆಬನಾನಿನದು. ಆ ಪದವಿಯನ್ನು ಬೆಲ್ಜಿಯಂ ತನ್ನ ಪದವಿಗೆ ಸಮಾನವೆಂದು ಒಪ್ಪಿತ್ತು. ಬ್ರಿಟನ್ ಮತ್ತು ಐರ್ಲೆಂಡ್ ಕೂಡ ಅವರಿಗೆ ವೃತ್ತಿ ನಡೆಸಲು ಅನುಮತಿ ನೀಡಿದ್ದವು. ಒಪ್ಪದಿದ್ದುದು ಅವರ ಸ್ವಂತ ದೇಶವಾದ ಫ್ರಾನ್ಸ್! ಯುರೋಪಿನ ಹೊರಗೆ ಪಡೆದ ಪದವಿಯನ್ನು ಒಂದು ಸದಸ್ಯ ರಾಷ್ಟ್ರ ಮಾನ್ಯ ಮಾಡಿದ ಮಾತ್ರಕ್ಕೆ ಉಳಿದವುಗಳೂ ಮಾನ್ಯ ಮಾಡಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿತು.

ಇನ್ನೊಬ್ಬರು ಹೈಮ್. ಇಟಲಿಯ ಪ್ರಜೆ, ಪದವಿ ಇಸ್ತಾಂಬುಲಿನದು. ಬೆಲ್ಜಿಯಂನಲ್ಲಿ ಎಂಟು ವರ್ಷ ದುಡಿದವರು. ಜರ್ಮನಿಯ ಆರೋಗ್ಯ ವಿಮಾ ವ್ಯವಸ್ಥೆಯಡಿ ಚಿಕಿತ್ಸೆ ನೀಡಲು ಅರ್ಜಿ ಸಲ್ಲಿಸಿದಾಗ, ಮೊದಲು ಎರಡು ವರ್ಷ ತರಬೇತಿ ಪಡೆದು ಬನ್ನಿ ಎಂಬ ಉತ್ತರ ಬಂತು. ಪಳಗಿದ ವೈದ್ಯನಿಗೆ ತರಬೇತಿ! ಇಲ್ಲಿ ನ್ಯಾಯಾಲಯದ ಮಾತು ಬೇರೆಯಾಗಿತ್ತು. ಅವರ ಅನುಭವವು ಆ ತರಬೇತಿಗೆ ಸರಿದೂಗುತ್ತದೆಯೇ ಎಂದು ಪರಿಶೀಲಿಸದೆ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ.

2000ದಲ್ಲಿ ಅರ್ಜೆಂಟೀನಾದಲ್ಲಿ ಕಲಿತ ಹೋಕ್ಸ್‌ಮನ್ ಎಂಬ ವೈದ್ಯರ ಪ್ರಕರಣದಲ್ಲಿ ಈ ಮಾತು ಮತ್ತಷ್ಟು ಸ್ಪಷ್ಟವಾಯಿತು. ಸ್ಪೇನ್ ಅವರ ಪದವಿಯನ್ನು ಒಪ್ಪಿತ್ತು, ಬಾರ್ಸಿಲೋನಾದಲ್ಲಿ ಅವರು ಮೂತ್ರರೋಗ ತಜ್ಞರಾದರು, ಫ್ರಾನ್ಸಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದರು. ಆದರೂ ಸ್ವತಂತ್ರವಾಗಿ ವೃತ್ತಿ ನಡೆಸಲು ಫ್ರಾನ್ಸ್ ಬಿಡಲಿಲ್ಲ. ಅವರ ಎಲ್ಲ ಪದವಿ, ಪ್ರಮಾಣಪತ್ರ ಹಾಗೂ ಅನುಭವಗಳನ್ನು ಒಟ್ಟಾಗಿ ತೂಗಿ ನೋಡಲೇಬೇಕೆಂದು ನ್ಯಾಯಾಲಯ ತೀರ್ಪಿತ್ತಿತು.

ಆದರೆ ಒಂದಂಶವನ್ನು ಗಮನಿಸಿರಿ. ಈ ಮೂವರ ಕೈಯಲ್ಲೂ ಯುರೋಪಿನ ಪಾಸ್‌ಪೋರ್ಟ್ ಇತ್ತು. ಅದಿಲ್ಲದವರ ಗತಿಯೇನು?

2005ರಲ್ಲಿ ಜಾರಿಗೆ ಬಂದು 2013ರಲ್ಲಿ ತಿದ್ದುಪಡಿಯಾದ ನಿರ್ದೇಶನವು ವೈದ್ಯರು, ದಂತವೈದ್ಯರು, ನರ್ಸ್‌ಗಳು, ಪ್ರಸೂತಿ ಶುಶ್ರೂಷಕಿಯರು, ಫಾರ್ಮಾಸಿಸ್ಟರು, ಪಶುವೈದ್ಯರು ಮತ್ತು ವಾಸ್ತುಶಿಲ್ಪಿಗಳಿಗೆ ಬಹುಮಟ್ಟಿಗೆ ಸ್ವಯಂಚಾಲಿತ ಮನ್ನಣೆಯನ್ನು ಕಲ್ಪಿಸಿದೆ. ಆದರೆ ಅದು ಮೂಲತಃ ಯುರೋಪಿನಲ್ಲೇ ಕಲಿತ ಯುರೋಪಿನ ಪ್ರಜೆಗಳಿಗಾಗಿ. ಇತರರಿಗೆ ಬಾಗಿಲು ತೆರೆಯುವುದು ಬೇರೆ ಕಾನೂನುಗಳ ಮೂಲಕ. ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿ ದೀರ್ಘಕಾಲಿಕ ನಿವಾಸಿಯ ಸ್ಥಾನ ಪಡೆದವರಿಗೆ ಪದವಿಯ ಮನ್ನಣೆಯಲ್ಲಿ ಆ ದೇಶದ ಪ್ರಜೆಗಳಿಗೆ ಸಮಾನವಾದ ವರ್ತನೆ ಸಿಗಬೇಕೆಂದು 2003ರ ನಿರ್ದೇಶನ ಹೇಳುತ್ತದೆ. ನಿರಾಶ್ರಿತರ ಕುರಿತು 2011ರ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬಾಂಬುಗಳ ನಡುವೆ ಅಲೆಪ್ಪೋದಿಂದ ಓಡಿಬಂದ ವೈದ್ಯ ಪ್ರಮಾಣಪತ್ರವನ್ನು ಎಲ್ಲಿಂದ ತಂದಾನು? ಕಾಗದವಿಲ್ಲದವರ ಜ್ಞಾನವನ್ನು ಅಳೆಯುವ ವ್ಯವಸ್ಥೆಗೆ ಪ್ರವೇಶ ಒದಗಿಸಲು ಸದಸ್ಯ ರಾಷ್ಟ್ರಗಳು ಶ್ರಮಿಸಬೇಕೆಂದು ಅದು ಹೇಳಿತು.

ಜರ್ಮನಿಯಲ್ಲಿ 2012ರವರೆಗೆ ವೈದ್ಯರ ಪೂರ್ಣ ಪರವಾನಗಿಗೆ ಪೌರತ್ವವೇ ಸಾಮಾನ್ಯ ಷರತ್ತಾಗಿತ್ತು; ಹೊರಗಿನವರಿಗೆ ಬಹುತೇಕ ತಾತ್ಕಾಲಿಕ ಅನುಮತಿ ಮಾತ್ರ. ಆ ವರ್ಷ ಎಪ್ರಿಲ್ 1ರಂದು ಜಾರಿಗೆ ಬಂದ ಮನ್ನಣೆ ಕಾಯ್ದೆಯು ಆ ಷರತ್ತನ್ನು ಕಿತ್ತುಹಾಕಿತು. ಪರಿಣಾಮವೇನು? 2023ರ ಅಂತ್ಯಕ್ಕೆ ಅಲ್ಲಿ ಐದು ಸಾವಿರಕ್ಕೂ ಅಧಿಕ ಸಿರಿಯನ್ ವೈದ್ಯರು ದುಡಿಯುತ್ತಿದ್ದರು. ವಿದೇಶಿ ವೈದ್ಯರ ಪೈಕಿ ಅತಿ ದೊಡ್ಡ ಗುಂಪು ಅವರದೇ.

ಯುರೋಪನ್ನು ದೂರುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. ರಷ್ಯಾದಲ್ಲೋ ಉಕ್ರೇನಿನಲ್ಲೋ ವೈದ್ಯಕೀಯ ಕಲಿತು ಬಂದ ನಮ್ಮದೇ ಮಕ್ಕಳನ್ನು 2002ರಿಂದ ನಾವು ಸ್ಕ್ರೀನಿಂಗ್ ಪರೀಕ್ಷೆಗೆ ಕೂರಿಸುತ್ತಿದ್ದೇವೆ. ರೋಗಿಯ ಪ್ರಾಣದ ಪ್ರಶ್ನೆಯಾದ್ದರಿಂದ ಪರೀಕ್ಷಿಸುವುದು ತಪ್ಪಲ್ಲ. ಪರೀಕ್ಷಿಸಲು ಅವಕಾಶವನ್ನೇ ಕೊಡದೆ ಬಾಗಿಲು ಮುಚ್ಚುವುದು ತಪ್ಪು.

ಮಗಳನ್ನು ನರ್ಸಿಂಗ್ ಓದಿಸಿ ಜರ್ಮನಿಗೆ ಕಳುಹಿಸಬೇಕೆಂದು ಇಲ್ಲಿ ಕುಳಿತಿರುವ ಹಲವರು ಯೋಚಿಸುತ್ತಿರಬಹುದು. ಸಾಫ್ಟ್‌ವೇರ್ ಇಂಜಿನಿಯರನಿಗೆ ಅಲ್ಲಿ ಇಂತಹ ವೃತ್ತಿ ಪರವಾನಗಿ ಬೇಡ, ನರ್ಸ್‌ಗೆ ಬೇಕೇಬೇಕು. ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ-2 ಮಟ್ಟದಲ್ಲಿ ಬರಬೇಕು. ಶಿಕ್ಷಣದಲ್ಲಿ ಕೊರತೆ ಕಂಡರೆ, ಅದೇನೆಂದು ಅಲ್ಲಿನ ಕಚೇರಿ ಲಿಖಿತವಾಗಿ ತಿಳಿಸಬೇಕು. ಹೊಂದಾಣಿಕೆ ತರಬೇತಿ ಪಡೆದು ಅಥವಾ ಪರೀಕ್ಷೆ ಬರೆದು ಆ ಕೊರತೆಯನ್ನು ತುಂಬಬಹುದು. ಏಜೆಂಟನ ಬಾಯಿಮಾತನ್ನು ನಂಬಿ ಹೊಲ ಮಾರುವ ಮುನ್ನ, ಆ ಲಿಖಿತ ನಿರ್ಧಾರ ಬಂದಿದೆಯೇ ಎಂದು ಕೇಳಿರಿ.

ಅಲ್ಲಿ ತೂಗಿ ನೋಡುವುದು ಪದವಿಯ ಹೆಸರನ್ನಲ್ಲ. ಯಾವ ವಿಷಯವನ್ನು ಎಷ್ಟು ಗಂಟೆ ಕಲಿತರು, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ದುಡಿದರು ಎಂಬುದನ್ನು. ಆ ವಿವರಪಟ್ಟಿಯನ್ನು ಕಾಲೇಜಿನ ಮೊಹರಿನೊಂದಿಗೆ, ಪದವಿ ಮುಗಿದ ವಾರದಲ್ಲೇ ಪಡೆದಿಟ್ಟುಕೊಳ್ಳಿರಿ. ಹತ್ತು ವರ್ಷಗಳ ಬಳಿಕ ಫ್ರಾಂಕ್‌ಫರ್ಟಿನಿಂದ ಪತ್ರ ಬರೆದರೆ, ಆ ಹಳೆಯ ರಿಜಿಸ್ಟರನ್ನು ಹುಡುಕಿ ಕೊಡುವವರು ಯಾರು?