ದವಡೆಯ ಕೀಲು: ನೋವು ಒಂದು ಕಡೆ, ಕಾರಣ ಇನ್ನೊಂದು ಕಡೆ

(ಸಂಸ್ಥೆಯ ವಾರ್ಷಿಕ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ದಂತವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಹಲ್ಲಿನ ಡಾಕ್ಟರನ್ನು ಮಾತಿಗೆ ಕರೆದರೆ ಬ್ರಷ್ ಹಿಡಿಯುವ ಕ್ರಮವನ್ನೇ ಹೇಳುತ್ತಾರೆಂದು ಮುಂದಿನ ಸಾಲಿನ ಮಕ್ಕಳು ಆಗಲೇ ಬೇಸರದಿಂದ ನೋಡುತ್ತಿದ್ದಾರೆ. ಇಂದು ಹಲ್ಲಿನ ಮಾತು ಕಡಿಮೆ. ದಯವಿಟ್ಟು ಎಲ್ಲರೂ ಎರಡೂ ತೋರುಬೆರಳನ್ನು ಕಿವಿಯ ತೂತಿನ ಮುಂದೆ, ಕೆನ್ನೆಯ ಮೇಲೆ ಇಟ್ಟುಕೊಳ್ಳಿ. ಈಗ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಏನೋ ಉರುಳಿ ಮುಂದೆ ಹೋಗಿ ಹಿಂದೆ ಬಂದಂತೆ ಅನಿಸುತ್ತದೆಯಲ್ಲವೇ? ಅದೇ ದವಡೆಯ ಕೀಲು. ಕೆಲವರಿಗೆ 'ಟಕ್' ಎಂದು ಸದ್ದೂ ಕೇಳಿಸಿರಬಹುದು. ಗಾಬರಿಯಾಗಬೇಡಿ, ಆ ಸದ್ದಿನ ಬಗ್ಗೆ ಮುಂದೆ ಹೇಳುತ್ತೇನೆ.

ಮನೆಯ ಬಾಗಿಲಿನ ಕೀಲು ತಿರುಗುವುದನ್ನಷ್ಟೇ ಬಲ್ಲದು. ದವಡೆಯ ಕೀಲು ತಿರುಗುತ್ತದೆ, ಜೊತೆಗೆ ಜಾರುತ್ತದೆ. ಕೆಳದವಡೆಯ ಎರಡು ತುದಿಗಳು ತಲೆಬುರುಡೆಯ ತಗ್ಗಿನಲ್ಲಿ ಕೂತಿವೆ. ನಡುವೆ ಸಣ್ಣ ಬಿಲ್ಲೆಯಂಥ ಮೆತ್ತನೆಯ ಪದರವಿದೆ. ಎಡ ಮತ್ತು ಬಲ ಕೀಲುಗಳು ಒಂದೇ ಮೂಳೆಗೆ ಸೇರಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಕೆಲಸ ಮಾಡುವಂತಿಲ್ಲ. ಮಾತು, ಊಟ, ಆಕಳಿಕೆ, ಎಂಜಲು ನುಂಗುವುದು ಎಲ್ಲದಕ್ಕೂ ಇವು ಬೇಕು. ಕಾಲು ಉಳುಕಿದರೆ ನಾಲ್ಕು ದಿನ ಮಲಗಬಹುದು, ದವಡೆಗೆ ರಜೆ ಎಲ್ಲಿದೆ?

ಈ ಕೀಲಿನ ದೊಡ್ಡ ತೊಂದರೆಯೆಂದರೆ, ಅದು ತನ್ನ ನೋವನ್ನು ತನ್ನ ಹೆಸರಿನಲ್ಲಿ ಹೇಳುವುದಿಲ್ಲ. ಕಿವಿ ಪಕ್ಕದಲ್ಲೇ ಇದೆ. ಕೀಲಿಗೆ ಹೋಗುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಕಣತಲೆಗೂ ಹೋಗುತ್ತದೆ. ಹಲ್ಲುಗಳ ನೋವನ್ನು ಮಿದುಳಿಗೆ ಒಯ್ಯುವುದೂ ಅದೇ ಐದನೆಯ ನರದ ಬಳಗ. ಆದ್ದರಿಂದ ಕೀಲಿನದೋ ಅಗಿಯುವ ಸ್ನಾಯುವಿನದೋ ನೋವು ಕಿವಿನೋವಾಗಿ, ತಲೆನೋವಾಗಿ, ಹಲ್ಲುನೋವಾಗಿ ಕಾಣಿಸಿಕೊಳ್ಳುತ್ತದೆ. ಕಿವಿ ಕಟ್ಟಿದಂತಾಗುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದಿರುವುದು, ಕತ್ತಿನ ಹಿಂಭಾಗ ಹಿಡಿಯುವುದು, ಇವೂ ಜೊತೆಗೆ ಬರುತ್ತವೆ.

ಅಂಕೋಲಾ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಬಳಿ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಮೊದಲು ಕಿವಿಗೆ ಔಷಧ ಬಿಟ್ಟುಕೊಂಡರು. ಆಮೇಲೆ ಸೈನಸ್ ಇರಬಹುದೆಂದು ಎಕ್ಸ್‌ರೇ ತೆಗೆಸಿದರು. ನಂತರ ಹಲ್ಲಿರಬಹುದೆಂದು ಒಂದಕ್ಕೆ ರೂಟ್ ಕೆನಾಲ್ ಆಯಿತು, ಪಕ್ಕದ್ದನ್ನು ಕೀಳಿಸಿದ್ದೂ ಆಯಿತು. ನೋವು ಇದ್ದಲ್ಲೇ ಇತ್ತು. ಕೆನ್ನೆಯ ಸ್ನಾಯುವನ್ನು ಬೆರಳಿನಿಂದ ಒತ್ತಿದ ಕೂಡಲೇ "ಅದೇ ನೋವು, ಇದೇ ಡಾಕ್ಟ್ರೇ" ಎಂದರು. ಸ್ನಾಯು ಹುಣ್ಣಾಗಿತ್ತು, ಹಲ್ಲು ನಿರಪರಾಧಿ. ಕಿತ್ತ ಹಲ್ಲು ಮಾತ್ರ ಮತ್ತೆ ಬರಲಿಲ್ಲ.

ಇಂಥ ಅಲೆದಾಟಕ್ಕೆ ಒಂದು ಇತಿಹಾಸವೂ ಇದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನ ಜೇಮ್ಸ್ ಕಾಸ್ಟೆನ್ ಎಂಬ ಕಿವಿ-ಮೂಗು-ಗಂಟಲು ವೈದ್ಯರು ಕಿವಿನೋವು, ಕಿವಿಯ ಸದ್ದು, ತಲೆನೋವು ಇವಕ್ಕೂ ದವಡೆಯ ಕೀಲಿಗೂ ನಂಟಿದೆ ಎಂದು ಬರೆದರು. ಆ ಮಾತು ನಿಂತಿತು. ಹಿಂದಿನ ಹಲ್ಲು ಬಿದ್ದವರಲ್ಲಿ ದವಡೆ ಹಿಂದೆ ಸರಿದು ನರವನ್ನು ಒತ್ತುತ್ತದೆ ಎಂದು ಅವರು ಕೊಟ್ಟ ಕಾರಣ ಮಾತ್ರ ನಿಲ್ಲಲಿಲ್ಲ. ಆದರೆ ಹಲ್ಲುಗಳ ಕಚ್ಚುವಿಕೆಯನ್ನು ಸರಿಮಾಡಿದರೆ ಎಲ್ಲವೂ ಸರಿಯಾದೀತೆಂಬ ನಂಬಿಕೆ ದಶಕಗಟ್ಟಲೆ ಉಳಿಯಿತು. ಒಳ್ಳೆಯ ಹಲ್ಲುಗಳನ್ನು ಉಜ್ಜಿ ತಗ್ಗಿಸಿದ್ದು ಎಷ್ಟೋ! 1980ರ ದಶಕದಲ್ಲಂತೂ ಅಮೆರಿಕದಲ್ಲಿ ಕೀಲಿನ ಬಿಲ್ಲೆಯನ್ನೇ ತೆಗೆದು ಟೆಫ್ಲಾನ್ ಬೆರೆತ ಕೃತಕ ತುಂಡನ್ನು ಇಟ್ಟರು. ಅದು ಒಳಗೇ ಸವೆದು ಚೂರಾಗಿ ಸುತ್ತಲಿನ ಮೂಳೆಯನ್ನು ತಿನ್ನತೊಡಗಿತು. 1990–91ರಲ್ಲಿ ಅಲ್ಲಿನ ಸರ್ಕಾರದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಕೊಟ್ಟು ಅದನ್ನು ಹಿಂದೆ ತೆಗೆಸಬೇಕಾಯಿತು. ಅವಸರದ ಚಿಕಿತ್ಸೆ ರೋಗಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು ಎಂಬುದಕ್ಕೆ ಈ ಕೀಲು ಸಾಕ್ಷಿ.

ಈಗ ಆ 'ಟಕ್' ಸದ್ದಿನ ವಿಷಯ. ನಡುವಿನ ಬಿಲ್ಲೆ ಸ್ವಲ್ಪ ಮುಂದೆ ಸರಿದಿದ್ದರೆ ಬಾಯಿ ತೆರೆಯುವಾಗ ದವಡೆಯ ತುದಿ ಅದರ ಮೇಲೆ ಹತ್ತಿ ಕೂರುತ್ತದೆ. ಸದ್ದು ಅದರದ್ದು. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ, ಊಟಕ್ಕೆ ತೊಂದರೆಯಿಲ್ಲ ಎಂದಾದರೆ ಚಿಕಿತ್ಸೆ ಬೇಡ. ಸದ್ದು ಇರುವವರು ತುಂಬ ಜನ, ಅವರಲ್ಲಿ ಹೆಚ್ಚಿನವರಿಗೆ ಮುಂದೆಯೂ ಏನೂ ಆಗುವುದಿಲ್ಲ. ಸ್ನೇಹಿತರಿಗೆ ಕೇಳಿಸಲೆಂದು ಮತ್ತೆ ಮತ್ತೆ ಟಕ್ ಮಾಡಿ ತೋರಿಸುವ ಹುಡುಗರಿದ್ದಾರೆ, ಅದನ್ನು ಮಾತ್ರ ಬಿಡಿ. ಆದರೆ ಇದ್ದ ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ, ಬಿಲ್ಲೆ ಅಡ್ಡ ನಿಂತಿದೆ ಎಂದು ಅರ್ಥ. ಆಗ ಬೇಗ ಬಂದು ತೋರಿಸಬೇಕು.

ನೋವು ಯಾಕೆ ಬರುತ್ತದೆ? ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಪೆಟ್ಟು, ಸಂಧಿವಾತ, ಬಹಳ ಹೊತ್ತು ಬಾಯಿ ತೆರೆದಿರುವುದು, ನಿದ್ದೆಗೆಡುವುದು, ಚಿಂತೆ ಇವೆಲ್ಲ ಸೇರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದೂ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಹೆಚ್ಚು. ವಿದ್ಯಾರ್ಥಿಗಳಲ್ಲಿ ನಾನು ಕಾಣುವುದು ಹಲ್ಲು ಕಚ್ಚಿ ಹಿಡಿಯುವ ಅಭ್ಯಾಸ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಪೆನ್ನಿನ ತುದಿ ಕಡಿಯುವುದು, ಉಗುರು ಕಡಿಯುವುದು, ರಾತ್ರಿ ಹಲ್ಲು ಮಸೆಯುವುದು. ಮೊಬೈಲಿನ ಮೇಲೆ ಗಂಟೆಗಟ್ಟಲೆ ಕತ್ತು ಬಗ್ಗಿಸಿ ಕೂರುವುದು ಈಗ ಹೊಸದಾಗಿ ಸೇರಿದೆ.

ಒಂದು ಮಾತು ನೆನಪಿಡಿ. ಸುಮ್ಮನಿದ್ದಾಗ ತುಟಿಗಳು ಮುಚ್ಚಿರಬೇಕು, ಹಲ್ಲುಗಳು ಬಿಟ್ಟಿರಬೇಕು. ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಮಾತ್ರ. ಈಗ ನನ್ನ ಮಾತು ಕೇಳುತ್ತಿರುವಾಗ ನಿಮ್ಮ ಹಲ್ಲುಗಳು ತಾಗಿವೆಯೇ, ನೋಡಿಕೊಳ್ಳಿ. ಪುಸ್ತಕದ ಮೇಲೆ, ಅಡಿಗೆಮನೆಯ ಕಪಾಟಿನ ಮೇಲೆ ಒಂದು ಚುಕ್ಕೆ ಅಂಟಿಸಿ, ಕಂಡಾಗಲೆಲ್ಲ ದವಡೆ ಸಡಿಲ ಬಿಡಿ. ಖರ್ಚಿಲ್ಲದ ಚಿಕಿತ್ಸೆ ಇದು.

ನೋವು ಹೆಚ್ಚಿದಾಗ ಎರಡು ವಾರ ಮೆತ್ತನೆಯ ಊಟ ಮಾಡಿ. ಗಂಜಿ, ಇಡ್ಲಿ, ಖಿಚಡಿ, ಬೇಯಿಸಿದ ಮೀನು ಆಗಬಹುದು. ಮೂಳೆ ಕಡಿಯುವುದು, ಕಬ್ಬು ಸಿಗಿಯುವುದು, ಒಣಮೀನು ಜಗಿಯುವುದು, ಚೂಯಿಂಗ್ ಗಮ್ ಬೇಡ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ ಹತ್ತು ಹದಿನೈದು ನಿಮಿಷ ಶಾಖ ಕೊಡಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಳ್ಳಿ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಹೊಟ್ಟೆಹುಣ್ಣು ಮತ್ತು ಮೂತ್ರಪಿಂಡದ ತೊಂದರೆ ಇದ್ದವರಂತೂ ಜೋಕೆ. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣ ಕಾಣುತ್ತದೆ.

ಮೂರು ತಿಂಗಳು ದಾಟಿದ ನೋವಿಗೆ ಏನು ಮಾಡಬೇಕೆಂದು 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಮಾರ್ಗಸೂಚಿ ಪ್ರಕಟಿಸಿತು. ಅದು ಒತ್ತಿ ಹೇಳಿದ್ದು ದವಡೆಯ ವ್ಯಾಯಾಮ, ಫಿಸಿಯೋಥೆರಪಿಯವರು ಕೈಯಿಂದ ಸ್ನಾಯು ಸಡಿಲಿಸುವುದು, ಮೈಯ ನಿಲುವು ತಿದ್ದುವ ವ್ಯಾಯಾಮ, ಚಿಂತೆ ಮತ್ತು ನೋವನ್ನು ನಿಭಾಯಿಸುವ ಆಪ್ತಸಲಹೆ, ಇವುಗಳನ್ನು. ಹಲ್ಲಿನ ಮೇಲೆ ಹಾಕಿ ತೆಗೆಯುವ ನೈಟ್ ಗಾರ್ಡನ್ನೂ ಎಲ್ಲರಿಗೂ ಕೊಡಬೇಕಿಲ್ಲ ಎಂಬ ಕಡೆಗೇ ಅದು ವಾಲಿದೆ. ಹಲ್ಲುಗಳ ಜೋಡಣೆಯನ್ನು ಶಾಶ್ವತವಾಗಿ ಬದಲಿಸುವ ಉಪಕರಣಗಳು, ಬಿಲ್ಲೆ ತೆಗೆಯುವ ಆಪರೇಷನ್ ಬೇಡವೆಂದೇ ಹೇಳಿದೆ. ಹಲ್ಲು ಮಸೆದು ಸವೆಯುತ್ತಿರುವವರಿಗೆ ಹಲ್ಲಿನ ರಕ್ಷಣೆಗೆಂದು ಗಾರ್ಡ್ ಕೊಡುವುದು ಬೇರೆ ಮಾತು. ಯಾರಾದರೂ ಮೊದಲ ಭೇಟಿಯಲ್ಲೇ ದೊಡ್ಡ ಖರ್ಚಿನ ಚಿಕಿತ್ಸೆ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಲು ಸಂಕೋಚ ಬೇಡ.

ಇಷ್ಟರವರೆಗೆ ಹೇಳಿದ್ದು ಕಾಯಬಹುದಾದ ತೊಂದರೆಗಳು. ಕಾಯಬಾರದ ಎರಡು ಇವೆ. ನಾನಿಲ್ಲಿ ಬಂದದ್ದು ಹೆಚ್ಚಾಗಿ ಅವುಗಳಿಗಾಗಿಯೇ.

ಮೊದಲನೆಯದು, ಮಕ್ಕಳ ಗದ್ದಕ್ಕೆ ಬಿದ್ದ ಪೆಟ್ಟು. ಮೇ ತಿಂಗಳಲ್ಲಿ ಮಾವಿನ ಮರ ಹತ್ತುವುದು ಅಂಕೋಲೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮರದಿಂದಲೋ ಸೈಕಲ್ಲಿನಿಂದಲೋ ಮೆಟ್ಟಿಲಿನಿಂದಲೋ ಮಗು ಮುಗ್ಗರಿಸಿ ಬೀಳುತ್ತದೆ, ಗದ್ದ ಹರಿಯುತ್ತದೆ. ಎರಡು ಹೊಲಿಗೆ ಹಾಕಿಸಿ ಮನೆಗೆ ಬರುತ್ತೇವೆ. ಆದರೆ ಗದ್ದಕ್ಕೆ ಬಿದ್ದ ಏಟು ಮೂಳೆಯ ಮೂಲಕ ಹೋಗಿ ಕಿವಿಯ ಮುಂದಿನ ಕೀಲಿಗೆ ತಾಗುತ್ತದೆ. ಅಲ್ಲಿ ಮೂಳೆ ಬಿರುಕು ಬಿಟ್ಟು ಕೀಲಿನೊಳಗೆ ರಕ್ತ ತುಂಬಿದರೆ, ನೋವಿಗೆ ಹೆದರಿ ಮಗು ಬಾಯಿ ಆಡಿಸದಿದ್ದರೆ, ತಿಂಗಳುಗಳಲ್ಲಿ ಕೀಲು ಮೂಳೆಯಾಗಿ ಬೆಸೆದುಬಿಡಬಹುದು. ಬಾಯಿ ಒಂದು ಬೆರಳಿನಷ್ಟೂ ತೆರೆಯದ ಸ್ಥಿತಿ ಬರುತ್ತದೆ. ಕೆಳದವಡೆಯ ಬೆಳವಣಿಗೆ ನಿಂತು ಗದ್ದ ಒಳಗೆ ಸರಿಯುತ್ತದೆ, ಮುಖ ಒಂದು ಕಡೆಗೆ ವಾಲುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಹಲ್ಲುಜ್ಜಲೂ ಆಗದೆ ಹುಳುಕು ಹಿಡಿಯುತ್ತದೆ. ಕಿವಿಯಲ್ಲಿ ಬಹಳ ಕಾಲ ಕೀವು ಸುರಿದ ಮಕ್ಕಳಿಗೂ ಅಪರೂಪಕ್ಕೆ ಹೀಗಾಗುವುದುಂಟು.

ಇದಕ್ಕೆ ಆಪರೇಷನ್ ಇದೆ. ಬೆಸೆದ ಮೂಳೆಯನ್ನು ಕತ್ತರಿಸಿ ಬಿಡಿಸುತ್ತಾರೆ, ಬೆಳೆಯುವ ಮಕ್ಕಳಿಗೆ ಕೆಲವೊಮ್ಮೆ ಪಕ್ಕೆಲುಬಿನ ತುದಿಯನ್ನು ಮೆತ್ತನೆಯ ಭಾಗದ ಸಮೇತ ತೆಗೆದು ಅಲ್ಲಿ ಕೂರಿಸುತ್ತಾರೆ. ಬಾಯಿಯೇ ತೆರೆಯದ್ದರಿಂದ ಅರಿವಳಿಕೆಯ ನಳಿಕೆಯನ್ನು ಮೂಗಿನ ಮೂಲಕ ಇಳಿಸಬೇಕು, ಅದಕ್ಕೆ ನುರಿತ ತಂಡ ಬೇಕು. ಆಪರೇಷನ್ ಆದ ಮೇಲೆ ಅಳುತ್ತಲೇ ತಿಂಗಳುಗಟ್ಟಲೆ ಬಾಯಿ ತೆರೆಯುವ ವ್ಯಾಯಾಮ ಮಾಡಿಸಬೇಕು, ಕನಿಕರಪಟ್ಟು ಬಿಟ್ಟರೆ ಮತ್ತೆ ಬೆಸೆಯುತ್ತದೆ. ಇಷ್ಟೆಲ್ಲವನ್ನು ತಪ್ಪಿಸುವ ದಾರಿ ಸುಲಭದ್ದು. ಗದ್ದಕ್ಕೆ ಪೆಟ್ಟಾದ ಮಗುವಿನ ಬಾಯಿ ಎಷ್ಟು ತೆರೆಯುತ್ತದೆ, ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ಸರಿಯುತ್ತದೆಯೇ, ಹಲ್ಲು ಮೊದಲಿನಂತೆ ಕೂಡುತ್ತವೆಯೇ ನೋಡಿ. ಅನುಮಾನವಿದ್ದರೆ ಹೊಲಿಗೆಯ ದಿನವೇ ದವಡೆಯ ಎಕ್ಸ್‌ರೇ ಕೇಳಿ. ಶಾಲೆಯ ದೈಹಿಕ ಶಿಕ್ಷಕರೂ ಇದನ್ನು ತಿಳಿದಿರಬೇಕೆಂದು ನನ್ನ ಆಗ್ರಹ.

ಎರಡನೆಯದು ಕೀಲಿನ ರೋಗವೇ ಅಲ್ಲ, ಆದರೆ "ದವಡೆ ಹಿಡಿದಿದೆ ಡಾಕ್ಟ್ರೇ" ಎಂದೇ ಬರುತ್ತದೆ. ಬರುವವರು ಹೆಚ್ಚಾಗಿ ಯುವಕರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ನಂತರ ಕೆನ್ನೆಯ ಒಳಭಾಗ ಬೆಳ್ಳಗಾಗಿ, ಒಳಗೆ ಹಗ್ಗದಂಥ ಪಟ್ಟಿಗಳು ಕೈಗೆ ಸಿಗುತ್ತವೆ. ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಜಗಿಯುವ ಅಡಿಕೆಯೇ ಇದಕ್ಕೆ ಮುಖ್ಯ ಕಾರಣ. 1952ರಲ್ಲಿ ಕೀನ್ಯಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದರು, ಮರುವರ್ಷ ಮುಂಬಯಿಯ ಡಾ. ಎಸ್. ಜಿ. ಜೋಶಿ ನಮ್ಮ ದೇಶದ ರೋಗಿಗಳ ಬಗ್ಗೆ ಬರೆದರು. ತಂಬಾಕು ಇಲ್ಲದ 'ಮೀಠಾ ಸುಪಾರಿ' ನಿರುಪದ್ರವಿ ಎಂದುಕೊಂಡು ಮಕ್ಕಳ ಕೈಗೆ ಕೊಡುವವರಿದ್ದಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಬಾಯಿ ಹೀಗೆ ಬಿಗಿದವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ. ಕರ್ನಾಟಕದಲ್ಲಿ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂತು, ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುವುದು ಶುರುವಾಯಿತು.

ಅಡಿಕೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಅನ್ನ. ಬೆಳೆಗಾರರನ್ನು ನೋಯಿಸಲು ಈ ಮಾತು ಹೇಳುತ್ತಿಲ್ಲ. ಬಾಯಿಯೊಳಗೆ ಏನಾಗುತ್ತದೆ ಎಂಬುದನ್ನು ದಿನವೂ ಕಾಣುವವನು ಸುಮ್ಮನಿರಲಾರೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ, ಅಂದರೆ ಮೂರು ಬೆರಳು ಹಿಡಿಯಬೇಕು. ಎರಡೇ ಹಿಡಿದರೆ ತೋರಿಸಿಕೊಳ್ಳಿ. ಬಿಗಿದ ಚರ್ಮ ಮೊದಲಿನಂತಾಗುವುದಿಲ್ಲ, ಆದರೆ ಅಡಿಕೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು. ಎಷ್ಟು ಬೇಗ ಬಿಟ್ಟರೆ ಅಷ್ಟು ಬಾಯಿ ಉಳಿಯುತ್ತದೆ.

ಹಿರಿಯರಿಗೆ ಇನ್ನೊಂದು ಮಾತು. ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ದವಡೆ ನೋಯ್ದು, ನಿಂತರೆ ಕಡಿಮೆಯಾಗುವುದಾದರೆ ಅದು ಹೃದಯದ ನೋವಿರಬಹುದು. ಬೆವರು, ಎದೆಬಿಗಿತ, ಉಸಿರಾಟದ ತೊಂದರೆ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗಾಯವಾದ ಕೆಲವು ದಿನ ಅಥವಾ ವಾರಗಳಲ್ಲಿ ದವಡೆ ಸೆಟೆದರೆ ಅದು ಧನುರ್ವಾಯು ಇರಬಹುದು, ಅದೂ ತುರ್ತಿನದು.

ದೊಡ್ಡದಾಗಿ ಆಕಳಿಸಿದಾಗ ಬಾಯಿ ತೆರೆದಂತೆಯೇ ಸಿಕ್ಕಿಕೊಳ್ಳುವುದೂ ಉಂಟು. ಕೀಲು ತಗ್ಗಿನಿಂದ ಮುಂದೆ ಜಾರಿ ಹೊರಗೆ ನಿಂತಿರುತ್ತದೆ. ವೈದ್ಯರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಕೆಳಗಿನ ಹಲ್ಲುಸಾಲಿನ ಮೇಲೆ ಕೆಳಕ್ಕೂ ಹಿಂದಕ್ಕೂ ಒತ್ತಿ ಕೂರಿಸುತ್ತಾರೆ. ಇದು ಗ್ರೀಸಿನ ಹಿಪೊಕ್ರೆಟಿಸನ ಕಾಲದಿಂದ ಬಂದ ಉಪಾಯ. ಮನೆಯಲ್ಲಿ ಗುದ್ದಿ ಸರಿಮಾಡುವ ಸಾಹಸ ಬೇಡ. ಒಂದು ಬಟ್ಟೆಯಿಂದ ಗದ್ದಕ್ಕೆ ಆಸರೆ ಕೊಟ್ಟು ಹತ್ತಿರದ ಆಸ್ಪತ್ರೆಗೆ ಕರೆತನ್ನಿ.

ಎಲ್ಲಿಗೆ ಹೋಗಬೇಕೆಂದು ಕೇಳುತ್ತೀರಿ. ಮೊದಲು ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ, ಇಲ್ಲವೇ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ದೊಡ್ಡ ಆಪರೇಷನ್ ಬೇಕಾದರೆ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರಿರುವ ದಂತ ಕಾಲೇಜು ಬೇಕು. ಗೋವೆಯ ಬಾಂಬೋಳಿ, ಧಾರವಾಡ, ಮಣಿಪಾಲ, ಈ ಮೂರೂ ಜಿಲ್ಲೆಯ ಆಚೆಗೇ ಇವೆ. 2022ರಲ್ಲಿ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದು ಇಂಥ ಪ್ರಯಾಣಗಳಿಂದ ಬೇಸತ್ತೇ. ಹೋಗುವಾಗ ಹಿಂದಿನ ಎಕ್ಸ್‌ರೇ, ಚೀಟಿಗಳನ್ನೆಲ್ಲ ಜೊತೆಗೊಯ್ಯಿರಿ. ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಏನು ತಿಂದರೆ ಹೆಚ್ಚಾಗುತ್ತದೆ ಎಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹಲ್ಲು ಕೀಳುವ ಮಾತು ಬಂದರೆ "ಈ ಹಲ್ಲಿನಿಂದಲೇ ನೋವು ಎಂಬುದು ಖಚಿತವೇ?" ಎಂದು ಕೇಳಿ. ಕೇಳಿದರೆ ಒಳ್ಳೆಯ ವೈದ್ಯರು ಯಾರೂ ಬೇಸರಪಡುವುದಿಲ್ಲ.

ಸಮಯ ಮೀರುತ್ತಿದೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೂರು ಬೆರಳಿನ ಪರೀಕ್ಷೆಯನ್ನು ಆಗಲೇ ಮಾಡಿ ನೋಡಿದವರಲ್ಲಿ ಯಾರಿಗಾದರೂ ಬೆರಳು ಹಿಡಿಯದಿದ್ದರೆ ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಪಕ್ಕದ ಕೋಣೆಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ.