ಕಡಲ ಮೇಲಿನ ಸಹಪಂಕ್ತಿ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಬ್ಯಾಂಕಿನಲ್ಲಿ ಕುಳಿತು ಪರರ ಹಣದ ಜಮಾಖರ್ಚು ನೋಡುವ ಗುಮಾಸ್ತನಿಗೆ ಕಡಲಯಾನದ ಮಾತೇಕೆ ಎಂದು ತಾವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಾನು ಹಾಯಿದೋಣಿ ಹತ್ತಿದವನಲ್ಲ. ನನ್ನ ಪಾಲಿಗೆ ಕಡಲೆಂದರೆ ಚರ್ನಿ ರೋಡು ದಾಟುವಾಗ ಲೋಕಲ್ ಗಾಡಿಯ ಕಿಟಕಿಯಲ್ಲಿ ಮಿಂಚಿ ಮರೆಯಾಗುವ ನೀರು, ಅಷ್ಟೆ. ಆದರೆ ಊರು ಬಿಟ್ಟು ಬಂದವರು ಬಂದ ಜಾಗದಲ್ಲಿ ನೆರೆಹೊರೆಯನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬ ವಿಷಯ ನಮ್ಮ ಸಂಘಕ್ಕೆ ಹೊರಗಿನದಲ್ಲ. ಅದನ್ನೇ ಕುರಿತು ಓದುತ್ತ ಹೋದಾಗ ಕೆರಿಬಿಯನ್ ಕಡಲಿನ ಹಾಯಿದೋಣಿಗಳವರ ಬದುಕು ನನ್ನ ಕಣ್ಣಿಗೆ ಬಿತ್ತು. ಕಾಲೂರಲು ಸ್ವಂತ ನೆಲವಿಲ್ಲದ ಆ ಜನ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯೊಂದರಿಂದಲೇ ಊರು ಕಟ್ಟಿಕೊಂಡಿದ್ದಾರೆ. ಆ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಉತ್ತರ ಅಮೆರಿಕಕ್ಕೂ ದಕ್ಷಿಣ ಅಮೆರಿಕಕ್ಕೂ ನಡುವೆ ಬಿಲ್ಲಿನಂತೆ ಬಾಗಿದ ದ್ವೀಪಗಳ ಸಾಲೊಂದುಂಟು. ಆಂಟಿಗುವ, ಡೊಮಿನಿಕ, ಮಾರ್ಟಿನೀಕ್, ಸೇಂಟ್ ಲೂಸಿಯ, ಸೇಂಟ್ ವಿನ್ಸೆಂಟ್, ಗ್ರೆನಡ ಮೊದಲಾದುವು ಆ ಸಾಲಿನವು. ಪೂರ್ವದ ಕಡೆಯಿಂದ ವಾಣಿಜ್ಯ ಮಾರುತ ನೆಚ್ಚಿಕೆಯಿಂದ ಬೀಸುತ್ತದೆ. ಒಂದು ದ್ವೀಪದಿಂದ ಮುಂದಿನದಕ್ಕೆ ಬಹುಮಟ್ಟಿಗೆ ಒಂದು ಹಗಲಿನ ಪಯಣ. ಹಾಯಿ ಬಿಚ್ಚಿ ಸಾಗುವವರಿಗೆ ಇದಕ್ಕಿಂತ ಅನುಕೂಲವಾದ ಕಡಲು ವಿರಳ. ಆದುದರಿಂದ ಅಮೆರಿಕ, ಕೆನಡ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳಿಂದ ಜನ ತಮ್ಮ ದೋಣಿಗಳಲ್ಲಿ ಇಲ್ಲಿಗೆ ಬರುತ್ತಾರೆ. ನಿವೃತ್ತಿ ಹೊಂದಿದ ದಂಪತಿಗಳುಂಟು, ಕೆಲಸಕ್ಕೆ ಎರಡು ವರ್ಷ ರಜೆ ಹಾಕಿ ಹೊರಟವರುಂಟು, ಮನೆ ಮಾರಿ ಮಕ್ಕಳೊಡನೆ ಬಂದವರೂ ಉಂಟು.

ಅವರ ದೋಣಿಯ ಉದ್ದ ಸಾಮಾನ್ಯವಾಗಿ 35ರಿಂದ 45 ಅಡಿ. ಅಷ್ಟರಲ್ಲೇ ಮಲಗುವ ಜಾಗ, ಬಚ್ಚಲು, ಅಡುಗೆಯ ಮೂಲೆ. ಅಲೆಗೆ ದೋಣಿ ಓಲಾಡಿದರೂ ಸಾರು ಚೆಲ್ಲದಿರಲೆಂದು ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ನಮ್ಮ ಚಾಳಿನ ಖೋಲಿಗೆ ಹಾಯಿ ಕಟ್ಟಿದಂತೆ ಎನ್ನಿ. ಕೊಲ್ಲಿಯೊಂದರಲ್ಲಿ ಲಂಗರು ಹಾಕಿ ನಿಂತರೆ ದಡಕ್ಕೆ ಹೋಗಿಬರಲು ರಬ್ಬರಿನ ಪುಟ್ಟ ದೋಣಿ. ಅದಕ್ಕೆ ಡಿಂಗಿ ಎಂದು ಹೆಸರು. ಅವರ ಸೈಕಲ್ಲೂ ಅದೇ, ಸ್ಕೂಟರೂ ಅದೇ. ಇನ್ನೊಂದು ವಿಶೇಷವುಂಟು. ಅಲ್ಲಿ ಯಾರ ಮನೆತನದ ಹೆಸರೂ ಯಾರಿಗೂ ಬೇಕಿಲ್ಲ. ದೋಣಿಯ ಹೆಸರೇ ಅವರ ಮನೆತನ. ನಮ್ಮವರು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಗುರುತಿಸುವಂತೆ, ಅವರು ‘ಇಂಥ ದೋಣಿಯವರು’ ಎಂದೇ ಗುರುತಿಸುತ್ತಾರೆ. ಹಿಂದೆ ನ್ಯಾಯಾಧೀಶನಾಗಿದ್ದವನೂ ಗಾರೆ ಕೆಲಸದವನೂ ಅಲ್ಲಿ ಪಕ್ಕಪಕ್ಕದ ಎರಡು ದೋಣಿಗಳು ಮಾತ್ರ.

ದೋಣಿಗಳು ಹೆಚ್ಚಾಗಿ ಸೇರುವ ಕೊಲ್ಲಿಗಳಲ್ಲಿ ದಿನ ಮೊದಲಾಗುವುದು ರೇಡಿಯೋದಿಂದ. ಗ್ರೆನಡದ ದಕ್ಷಿಣ ತೀರ ಇದಕ್ಕೆ ಹೆಸರುವಾಸಿ. ಬೆಳಗ್ಗೆ ಗೊತ್ತಾದ ವೇಳೆಗೆ ಒಬ್ಬರು ಸೂತ್ರಧಾರರಾಗಿ ಎಲ್ಲ ದೋಣಿಗಳನ್ನೂ ಕರೆಯುತ್ತಾರೆ. ಯಾರಿಗಾದರೂ ಕಾಯಿಲೆಯೋ ಅಪಾಯವೋ ಎಂಬ ವಿಚಾರಣೆ ಮೊದಲು. ತರುವಾಯ ಹವಾಮಾನ, ತರುವಾಯ ಹೊಸದಾಗಿ ಬಂದವರು ಯಾರು, ಹೊರಟುನಿಂತವರು ಯಾರು ಎಂಬುದು. ಆಮೇಲೆ ಪಂಪು ಕೆಟ್ಟಿದೆ ಎಂದು ಒಬ್ಬರು, ಅದರ ಬಿಡಿಭಾಗ ನನ್ನಲ್ಲಿದೆ ಎಂದು ಇನ್ನೊಬ್ಬರು. ಕಡೆಗೆ ಸಂಜೆಯ ಕೂಟ ಎಲ್ಲಿ ಎಂಬ ಪ್ರಕಟಣೆ. ಸೂತ್ರಧಾರರು ಸಂಬಳದವರಲ್ಲ, ಸರದಿಯ ಮೇಲೆ ಬರುವ ಕೆಲಸವದು.

ಇನ್ನು ಊಟದ ವಿಚಾರ. ಒಂದು ದೋಣಿಯಲ್ಲಿ ಆರೆಂಟು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಮೂವತ್ತು ನಲವತ್ತು ಜನರನ್ನು ಕರೆದು ಬಡಿಸಲು ಯಾರಿಂದಲೂ ಆಗದು. ಈ ಇಕ್ಕಟ್ಟಿನಿಂದಲೇ ಅವರ ಪದ್ಧತಿ ಹುಟ್ಟಿತೆನ್ನಬೇಕು. ಕೂಟ ನಡೆಯುವುದು ಮರಳ ದಂಡೆಯಲ್ಲಿ. ಪ್ರತಿ ದೋಣಿಯವರೂ ತಮಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಾಗಿ ಒಂದು ಪದಾರ್ಥ ಮಾಡಿ ತರುತ್ತಾರೆ. ತಟ್ಟೆ, ಲೋಟ, ಚಮಚ, ಕೂರುವ ಮಡಚು ಕುರ್ಚಿ, ಕುಡಿಯುವ ಪಾನೀಯ ಎಲ್ಲವೂ ಅವರವರದೇ. ಉಂಡು ಎದ್ದಮೇಲೆ ಪಾತ್ರೆಯೊಡನೆ ಕಸವನ್ನೂ ಹಿಂದಕ್ಕೆ ಒಯ್ಯಬೇಕು. ಆತಿಥೇಯನೆಂಬವನೇ ಇಲ್ಲದ ಊಟ ಇದು. ಆದಕಾರಣ ಯಾರ ಮೇಲೂ ಭಾರವಿಲ್ಲ, ಯಾರಿಗೂ ಋಣದ ಸಂಕೋಚವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಪಾಟ್‌ಲಕ್ ಎನ್ನುತ್ತಾರೆ. ನಮ್ಮಲ್ಲಿ ಮನೆಮನೆಯಿಂದ ಒಂದೊಂದು ಪದಾರ್ಥ ಬಂದು ಸೇರುತ್ತಿದ್ದ ಬೆಳದಿಂಗಳೂಟವನ್ನು ಉಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಂಡೆ ಸಿಕ್ಕದ ಕಡೆ ಇನ್ನೊಂದು ಉಪಾಯ ಹೂಡುತ್ತಾರೆ. ಸಂಜೆ ಡಿಂಗಿಗಳೆಲ್ಲ ಕೊಲ್ಲಿಯ ನಡುವೆ ಬಂದು ಹಗ್ಗದಿಂದ ಒಂದಕ್ಕೊಂದು ಕಟ್ಟಿಕೊಂಡು ತೇಲುತ್ತವೆ. ತಿಂಡಿಯ ತಟ್ಟೆಗಳು ಕೈಯಿಂದ ಕೈಗೆ, ದೋಣಿಯಿಂದ ದೋಣಿಗೆ ಸಾಗುತ್ತವೆ. ಸೂರ್ಯ ಮುಳುಗಿ ತಟ್ಟೆ ಬರಿದಾದ ಮೇಲೆ ಹಗ್ಗ ಬಿಚ್ಚಿ ಅವರವರು ಅವರವರ ಮನೆಗೆ. ನೀರಿನ ಮೇಲೆ ಪಂಕ್ತಿಭೋಜನ!

ಇದರಲ್ಲಿ ಲೆಕ್ಕಾಚಾರವೂ ಉಂಟು. ವಾಣಿಜ್ಯ ಓದಿದವನಾದ್ದರಿಂದ ನನಗೆ ಅದು ಬೇಗ ಕಂಡಿತು. ದೋಣಿಯ ಹಿಂದೆ ಗಾಳದ ದಾರ ಬಿಟ್ಟುಕೊಂಡು ಹೋಗುವವನಿಗೆ ಹತ್ತು ಕಿಲೋದ ಮೀನೊಂದು ಸಿಕ್ಕಿತೆನ್ನಿ. ಇರುವವರು ಇಬ್ಬರು, ಶೀತಪೆಟ್ಟಿಗೆಯೋ ಅಂಗೈಯಗಲ. ಇಟ್ಟುಕೊಂಡರೆ ಕೊಳೆಯುತ್ತದೆ. ನಾಲ್ಕು ದೋಣಿಗೆ ಹಂಚಿದರೆ ಮುಂದಿನ ವಾರ ಯಾರದೋ ಮೀನು, ಇನ್ನಾರದೋ ಬಿಸಿ ರೊಟ್ಟಿ ತಾನಾಗಿ ಇವನ ಬಾಗಿಲಿಗೆ ಬರುತ್ತದೆ. ಕೊಟ್ಟದ್ದು ಖರ್ಚಲ್ಲ, ಠೇವಣಿ. ಆದರೆ ಈ ಠೇವಣಿಗೆ ಪಾಸ್‌ಬುಕ್ ಇಲ್ಲ. ಕೊಟ್ಟವನಿಂದಲೇ ಮರಳಿ ಪಡೆಯಬೇಕೆಂಬ ನಿಯಮವೂ ಇಲ್ಲ.

ಟೊರಾಂಟೋದಿಂದ ಗಂಡನೊಡನೆ ಹೊರಟು ಈ ದ್ವೀಪಗಳನ್ನು ಸುತ್ತಿದ ಆನ್ ವ್ಯಾಂಡರ್‌ಹೂಫ್ ಎಂಬ ಕೆನಡದ ಲೇಖಕಿ, ‘ಆನ್ ಎಂಬ್ಯಾರಸ್‌ಮೆಂಟ್ ಆಫ್ ಮ್ಯಾಂಗೋಸ್’ ಎಂಬ ತಮ್ಮ ಪುಸ್ತಕದಲ್ಲಿ ಅಲ್ಲಿನ ಅಡುಗೆ, ಸಂತೆ, ಜನರ ವಿಷಯ ಬರೆದಿದ್ದಾರೆ. ಅಡುಗೆಯ ಮಾತು ಬಂದುದರಿಂದ ನಮ್ಮ ತಾಯಂದಿರಿಗೆ ರುಚಿಸುವ ಸಂಗತಿಯೊಂದನ್ನು ಹೇಳಬೇಕು. ಗ್ರೆನಡದ ರಾಷ್ಟ್ರೀಯ ಖಾದ್ಯಕ್ಕೆ ‘ಆಯಿಲ್ ಡೌನ್’ ಎಂದು ಹೆಸರು. ದೊಡ್ಡ ಕೊಪ್ಪರಿಗೆಯಲ್ಲಿ ಜೀಗುಜ್ಜೆಯ ಹೋಳು, ಉಪ್ಪುಹಾಕಿದ ಮಾಂಸ, ಹಿಟ್ಟಿನ ಕಡುಬು, ಕೆಸುವಿನ ಎಲೆ ಇವನ್ನು ಪದರಪದರವಾಗಿ ಜೋಡಿಸಿ, ಅರಿಸಿನ ಕದಡಿದ ತೆಂಗಿನ ಹಾಲು ಹೊಯ್ದು, ಹಾಲೆಲ್ಲ ಹೀರಿ ತಳದಲ್ಲಿ ಎಣ್ಣೆ ಮಾತ್ರ ಉಳಿಯುವವರೆಗೆ ಬೇಯಿಸುತ್ತಾರೆ. ಮಾಂಸವನ್ನು ಬಿಟ್ಟರೆ ಉಳಿದುದೆಲ್ಲ ನಮ್ಮ ಕರಾವಳಿಯ ಅಡುಗೆಮನೆಯದೇ ಅಲ್ಲವೆ? ಆ ಜೀಗುಜ್ಜೆ ಅಲ್ಲಿ ಹುಟ್ಟಿದ್ದಲ್ಲ. ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ ಸಸಿಗಳನ್ನು ಸೇಂಟ್ ವಿನ್ಸೆಂಟಿಗೂ ಜಮೈಕಕ್ಕೂ ತಂದನು. ಗುಲಾಮರಿಗೆ ಎಸೆದ ಆಹಾರವನ್ನು ಅವರ ಮೊಮ್ಮಕ್ಕಳು ಇಡೀ ಕೇರಿ ಸೇರಿ ಉಣ್ಣುವ ಹಬ್ಬದಡುಗೆಯಾಗಿ ಮಾಡಿಕೊಂಡರು. 1845ರಲ್ಲಿ ಟ್ರಿನಿಡಾಡಿಗೆ, 1857ರಲ್ಲಿ ಗ್ರೆನಡಕ್ಕೆ ಕೂಲಿಕಾರರಾಗಿ ಹೋದ ನಮ್ಮ ದೇಶದವರ ರೊಟ್ಟಿ ಪಲ್ಯಗಳೂ ಇಂದು ಆ ದ್ವೀಪಗಳ ಬೀದಿಬೀದಿಯಲ್ಲಿ ಸಿಗುತ್ತವೆ.

ಎಲ್ಲವೂ ಚೆನ್ನವೆಂದು ಹೇಳಿ ಮುಗಿಸಿದರೆ ಲೆಕ್ಕ ಪೂರ್ಣವಾಗದು. ದೋಣಿಯವರು ತಮ್ಮತಮ್ಮೊಳಗೇ ಉಂಡು ನಕ್ಕು ಮಲಗುವುದೂ ಉಂಟು. ಕೂಗಳತೆಯ ದೂರದಲ್ಲಿರುವ ಹಳ್ಳಿಯವರ ಹೆಸರು ಕೂಡ ತಿಳಿಯದೆ ಎಷ್ಟೋ ಮಂದಿ ಮುಂದೆ ಸಾಗುತ್ತಾರೆ. ಫ್ರೆಂಚ್ ಮಾತಾಡುವವರು ಒಂದು ಕಡೆ, ಇಂಗ್ಲಿಷಿನವರು ಇನ್ನೊಂದು ಕಡೆ ಆಗುವುದೂ ಉಂಟು. ಆದರೆ ಡೊಮಿನಿಕ ದ್ವೀಪದ ಪೋರ್ಟ್ಸ್‌ಮತ್ ಊರಿನವರು ಇದಕ್ಕೊಂದು ದಾರಿ ಕಂಡಿದ್ದಾರೆ. ಯಾತ್ರಿಕರಿಗೆ ದಾರಿ ತೋರಿಸಿ ಬದುಕುವ ಅಲ್ಲಿಯ ದೋಣಿಯಾಳುಗಳು ಒಂದು ಸಂಘ ಕಟ್ಟಿಕೊಂಡರು. ದಂಡೆಯ ಮೇಲೆ ಭಾನುವಾರದ ಸಂಜೆ ಊಟ ಏರ್ಪಡಿಸುತ್ತಾರೆ. ಬೇಯಿಸುವವರು ಊರವರು, ಹಣ ಕೊಟ್ಟು ಉಣ್ಣುವವರು ಪರಸ್ಥಳದವರು. ಆ ಹಣ ಕೊಲ್ಲಿಯ ರಾತ್ರಿ ಪಹರೆಗೆ ನೆರವಾಗುತ್ತದೆ. ಊರವರಿಗೆ ಜೀವನ, ಬಂದವರಿಗೆ ನಿರ್ಭಯ, ಇಬ್ಬರಿಗೂ ಪರಿಚಯ.

ಇಷ್ಟೆಲ್ಲ ಬರಿಯ ಮೋಜು ತಾನೆ ಎನ್ನುವವರಿಗೆ ಒಂದು ಮಾತು. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ನಾವು ರಾಜ್ಯೋತ್ಸವ ಆಚರಿಸುವ ತಿಂಗಳು ಅದರ ಕೊನೆಯ ತಿಂಗಳು. ಆ ಆರು ತಿಂಗಳು ಅಪಾಯದ ವಲಯದ ಹೊರಗಿರಬೇಕೆಂದು ಎಷ್ಟೋ ವಿಮಾ ಕಂಪೆನಿಗಳು ಕರಾರು ಹಾಕುತ್ತವೆ. ಗ್ರೆನಡ ದಕ್ಷಿಣಕ್ಕಿರುವುದರಿಂದ ಕ್ಷೇಮವೆಂದು ಬಹುಕಾಲ ನಂಬಿದ್ದರು. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಆ ನಂಬಿಕೆಯನ್ನು ಮುರಿಯಿತು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಕ್ಕೆ ಸೇರಿದ ಕ್ಯಾರಿಯಕೂ ಎಂಬ ಕಿರುದ್ವೀಪದ ಮೇಲೆಯೇ ಎರಗಿತು. ಬಹುಪಾಲು ಮನೆಗಳ ಮಾಡು ಹಾರಿಹೋಯಿತು. ರಕ್ಷಣೆಗೆಂದು ಕಾಂಡ್ಲ ಗಿಡಗಳ ನಡುವೆ ಕಟ್ಟಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದು ನುಚ್ಚಾದವು. ಗ್ರೆನಡದ ದಕ್ಷಿಣ ತೀರಕ್ಕೆ ಅಷ್ಟು ಹಾನಿ ತಟ್ಟಿರಲಿಲ್ಲ. ಅಲ್ಲಿದ್ದ ದೋಣಿಯವರು ಊರವರೊಡನೆ ಕೂಡಿ ನೀರು, ಅಕ್ಕಿ, ಡಬ್ಬಿಯ ಆಹಾರ, ಟಾರ್ಪಾಲುಗಳನ್ನು ತಮ್ಮ ಹಾಯಿದೋಣಿಗಳಿಗೆ ತುಂಬಿ ಕ್ಯಾರಿಯಕೂವಿಗೆ ಸಾಗಿಸಿದರು. ಯಾರನ್ನು ಕರೆಯಬೇಕು, ಯಾರಲ್ಲಿ ಏನಿದೆ ಎಂಬುದನ್ನು ತಿಳಿಯುವುದಕ್ಕೆ ಅವರು ಹೊಸದಾಗಿ ಸಭೆ ಕರೆಯಬೇಕಾಗಿರಲಿಲ್ಲ. ಬೆಳಗಿನ ರೇಡಿಯೋ ಇತ್ತು. ಸಂಜೆಯ ಊಟದ ಪರಿಚಯವಿತ್ತು.

ನಾನು ಹೇಳಬೇಕೆಂದು ಹೊರಟದ್ದು ಇದೇ. ಒಟ್ಟಿಗೆ ಉಣ್ಣುವುದು ವಿನೋದವಲ್ಲ, ವಿಮೆ. ಅದರ ಕಂತು ಒಂದು ಪಾತ್ರೆ ಪಲ್ಯ, ಒಂದು ಸಂಜೆಯ ಬಿಡುವು. ಕಂತು ಸಣ್ಣದಾಗಿರಬೇಕು, ಎಲ್ಲರೂ ಕಟ್ಟುವಂತಿರಬೇಕು, ತಪ್ಪದೆ ಕಟ್ಟುತ್ತಿರಬೇಕು. ಬಿರುಗಾಳಿ ಬಂದ ದಿನ ಪಾಲಿಸಿ ಮಾಡಿಸಲು ಹೋದರೆ ಯಾವ ಕಂಪೆನಿಯೂ ಕೊಡದು.

ನಮ್ಮ ನಗರಜೀವನದಲ್ಲಿ ಬಿರುಗಾಳಿ ಬೇರೆ ರೂಪದಲ್ಲಿ ಬರುತ್ತದೆ. ನಡುರಾತ್ರಿಯಲ್ಲಿ ಆಸ್ಪತ್ರೆ, ಇದ್ದಕ್ಕಿದ್ದಂತೆ ವರ್ಗಾವಣೆ, ಕೆಲಸ ಹೋದ ತಿಂಗಳು, ಮಕ್ಕಳು ಪರದೇಶದಲ್ಲಿರುವಾಗ ಬರುವ ಮುಪ್ಪು. ಆಗ ಕರೆಯಲು ನಮಗೆ ಎಷ್ಟು ಹೆಸರು ಗೊತ್ತಿವೆ? ಸಮಾರಂಭದ ಊಟವನ್ನು ಗುತ್ತಿಗೆಗೆ ಕೊಟ್ಟರೆ ಅನುಕೂಲವೇನೋ ಹೌದು; ಎಲೆಗೆ ಇಷ್ಟೆಂದು ಹಣ ಕಟ್ಟಿ, ಉಂಡು, ಕೈತೊಳೆದು ಗಾಡಿ ಹಿಡಿಯುತ್ತೇವೆ. ಪಕ್ಕದ ಎಲೆಯವರ ಹೆಸರು ಕೇಳುವ ಪ್ರಸಂಗವೇ ಬಾರದು. ಆದುದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನದು ಎರಡೇ ಸಲಹೆ. ಒಂದನೆಯದು, ಪ್ರತಿ ಮಾಸಿಕ ಕೂಟದ ಮೊದಲ ಹತ್ತು ನಿಮಿಷವನ್ನು ಆ ಬೆಳಗಿನ ರೇಡಿಯೋದಂತೆ ನಡೆಸೋಣ: ಯಾರಿಗೆ ಕಾಯಿಲೆ, ಯಾರು ಹೊಸಬರು, ಯಾರು ಊರು ಬಿಡುವವರು, ಯಾರಿಗೆ ಏನು ಬೇಕು. ಎರಡನೆಯದು, ವರ್ಷದಲ್ಲಿ ಒಂದು ಊಟವಾದರೂ ಗುತ್ತಿಗೆಯದಾಗದಿರಲಿ. ಮನೆಗೊಂದು ಪಾತ್ರೆ ಬರಲಿ, ತಟ್ಟೆ ಲೋಟ ಅವರವರದೇ ಇರಲಿ. ಬೆಳಗಾವಿಯವರು ಎಣ್ಣೆಗಾಯಿ ತರಲಿ, ಉಡುಪಿಯವರು ಜೀಗುಜ್ಜೆಯ ಪಲ್ಯ ತರಲಿ, ಮೈಸೂರಿನವರು ಬಿಸಿಬೇಳೆಬಾತು ತರಲಿ. ಒಂಟಿಯಾಗಿ ಖೋಲಿಯಲ್ಲಿರುವ ಹುಡುಗರು ಬಾಳೆಹಣ್ಣು ತಂದರೂ ಸಾಕು. ಬರಿಗೈಯಲ್ಲಿ ಬಂದವರಿಗೂ ಎಡೆಯಿರಲಿ.