ಬೀದರಿನ ಪರದೇಶಿ ಮಂತ್ರಿ: ಮಹಮೂದ ಗಾವಾನ್

ಹೊರನಾಡುಗಳಿಂದ ಬಂದು ಕನ್ನಡ ನೆಲದಲ್ಲಿ ನೆಲಸಿ, ಇಲ್ಲಿಯ ರಾಜ್ಯಗಳ ಹಣೆಬರಹವನ್ನೇ ತಿದ್ದಿದವರು ನಮ್ಮ ಚರಿತ್ರೆಯಲ್ಲಿ ವಿರಳರಲ್ಲ. ಕೆಲವರು ಖಡ್ಗದ ಬಲದಿಂದ ಬಂದರು. ಕೆಲವರು ವ್ಯಾಪಾರದ ನೆವದಿಂದ ಬಂದರು. ಇನ್ನು ಕೆಲವರು ವಿದ್ಯೆಯೊಂದನ್ನೇ ಬಂಡವಾಳವಾಗಿ ಹೊತ್ತು ತಂದರು. ಈ ಸಂಜೆ ನಾನು ಹೇಳಹೊರಟಿರುವ ಮಹಮೂದ ಗಾವಾನನು ಬಂದದ್ದು ವರ್ತಕನಾಗಿ, ಮರ್ಯಾದೆ ಪಡೆದದ್ದು ವಿದ್ವಾಂಸನಾಗಿ, ರಾಜ್ಯವನ್ನು ಕಾಪಾಡಿದ್ದು ಸಂಧಿವಿಗ್ರಹಗಳಲ್ಲಿ ನಿಪುಣನಾದ ಮಂತ್ರಿಯಾಗಿ. ಆದರೆ ಆತನು ಸತ್ತದ್ದು ರಾಜದ್ರೋಹಿಯೆಂಬ ಸುಳ್ಳು ಅಪವಾದವನ್ನು ಹೊತ್ತು. ಸಮುದ್ರದಾಚೆಯ ದೊರೆಗಳನ್ನು ಲೇಖನಿಯಿಂದ ಒಲಿಸಿಕೊಂಡ ಈ ಪುರುಷನಿಗೆ, ಒಂದೇ ದರ್ಬಾರಿನಲ್ಲಿ ತನ್ನೊಡನೆ ಕುಳಿತಿದ್ದವರನ್ನು ಒಲಿಸಿಕೊಳ್ಳಲು ಏಕೆ ಸಾಧ್ಯವಾಗಲಿಲ್ಲ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆತನ ಚರಿತ್ರೆಯನ್ನು ನೋಡೋಣ.

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತೀರದಲ್ಲಿ ಗೀಲಾನವೆಂಬ ಪಾರಸೀಕ ಪ್ರಾಂತವುಂಟು. ಅಲ್ಲಿಯ ಅರಸರಲ್ಲಿ ಮಂತ್ರಿಪದವಿಯನ್ನು ಅನುಭವಿಸಿದ್ದ ಮನೆತನದಲ್ಲಿ, ಹದಿನೈದನೆಯ ಶತಮಾನದ ಆದಿಭಾಗದಲ್ಲಿ ಮಹಮೂದನು ಹುಟ್ಟಿದನು. ಅರಮನೆಯ ಒಳಜಗಳಗಳು ಆ ಮನೆತನವನ್ನು ಮುಟ್ಟಿದಾಗ ಅಲ್ಲಿರುವುದು ಕ್ಷೇಮವಲ್ಲವೆಂದು ತಿಳಿದು, ವ್ಯಾಪಾರದ ನೆಪದಿಂದ ದೇಶವನ್ನು ಬಿಟ್ಟನು. ಸರಕಿನೊಡನೆ ಊರೂರು ತಿರುಗುತ್ತ, ಹೋದೆಡೆಯಲ್ಲೆಲ್ಲ ಪಂಡಿತರನ್ನೂ ಸಾಧುಸಂತರನ್ನೂ ಕಾಣುತ್ತ ಕಾಲ ಕಳೆದನು. 1453ರಲ್ಲಿ ಕೊಂಕಣ ತೀರದ ದಾಭೋಳದ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಅಲ್ಲಿಯ ಒಬ್ಬ ಸಂತರ ದರ್ಶನ ಮಾಡಿಕೊಂಡು ದಿಲ್ಲಿಯ ಕಡೆಗೆ ಹೋಗಬೇಕೆಂಬುದು ಆತನ ಸಂಕಲ್ಪವಾಗಿದ್ದಿತು. ಆಗ ಬಹಮನಿ ಸಿಂಹಾಸನದ ಮೇಲಿದ್ದವನು ಎರಡನೆಯ ಅಲಾವುದ್ದೀನ್ ಅಹಮದ್ ಷಾ. ಆತನು ಈ ಅತಿಥಿಯ ವಿದ್ಯೆಗೂ ಮಾತಿನ ಗಾಂಭೀರ್ಯಕ್ಕೂ ಮೆಚ್ಚಿ ಅಲ್ಲಿಯೇ ನಿಲ್ಲಿಸಿಕೊಂಡನು. ನಡುವಯಸ್ಸು ದಾಟುತ್ತಿದ್ದ ಪ್ರವಾಸಿ ಹೀಗೆ ರಾಜಸೇವಕನಾದನು. ದಿಲ್ಲಿಯ ದಾರಿ ಅಲ್ಲಿಗೆ ಮುಗಿಯಿತು.

ಆದರೆ ಆತನು ಕಾಲಿಟ್ಟ ಮನೆ ನೆಮ್ಮದಿಯ ಮನೆಯಾಗಿರಲಿಲ್ಲ. ಬಹಮನಿ ದರ್ಬಾರಿನಲ್ಲಿ ಆ ಕಾಲಕ್ಕೆ ಎರಡು ಪಕ್ಷಗಳು ಬಲಿತಿದ್ದವು. ತಲೆಮಾರುಗಳಿಂದ ಇಲ್ಲಿಯೇ ಬೆಳೆದವರು ದಖ್ಖನಿಗಳು. ಇರಾನ, ಅರಬಸ್ತಾನ, ತುರ್ಕಸ್ತಾನಗಳಿಂದ ಹೊಸದಾಗಿ ಬಂದವರು ಆಫಾಕಿಗಳು, ಎಂದರೆ ಪರದೇಶಿಗಳು. ಹೊಸಬರು ಕುದುರೆಯೇರುವುದರಲ್ಲಿಯೂ ಬರಹದಲ್ಲಿಯೂ ಚತುರರೆಂದು ಸುಲ್ತಾನರು ಅವರನ್ನು ಮುಂದಕ್ಕೆ ತಂದರು. ಹಳಬರು ತಮ್ಮ ಅನ್ನವನ್ನು ಪರರು ಕಸಿದರೆಂದು ಕುದಿದರು. ಗಾವಾನನು ಬರುವುದಕ್ಕೆ ಕೆಲವೇ ವರ್ಷಗಳ ಹಿಂದೆ, ಪುಣೆಯ ಬಳಿಯ ಚಾಕಣದ ಕೋಟೆಯಲ್ಲಿ ಪರದೇಶಿಗಳ ಮಾರಣಹೋಮವೇ ನಡೆದುಹೋಗಿತ್ತು. ಅದರ ನೆತ್ತರು ಆರುವ ಮೊದಲೇ ಈತನು ಬೀದರಿಗೆ ಬಂದನೆಂಬುದನ್ನು ನಾವು ಮರೆಯಲಾಗದು.

ಆತನ ರಾಜನೀತಿಯ ನಿಜವಾದ ಪರೀಕ್ಷೆ ನಡೆದದ್ದು 1462ರಲ್ಲಿ. ಎಂಟು ವರ್ಷದ ಬಾಲಕ ನಿಜಾಮ ಷಾಹನು ಪಟ್ಟದಲ್ಲಿದ್ದನು. ರಾಜಮಾತೆ, ಖ್ವಾಜಾ ಜಹಾನ್ ತುರ್ಕ, ಗಾವಾನ್ ಈ ಮೂವರು ರಾಜ್ಯಭಾರವನ್ನು ನೋಡಿಕೊಳ್ಳುತ್ತಿದ್ದರು. ಈ ಎಳೆತನವನ್ನು ಕಂಡು ಮಾಳವದ ಸುಲ್ತಾನ ಮಹಮೂದ ಖಿಲ್ಜಿಯು ದಂಡೆತ್ತಿ ಬಂದು, ಬಹಮನಿ ಸೇನೆಯನ್ನು ಸೋಲಿಸಿ, ಬೀದರನ್ನೇ ಮುತ್ತಿದನು. ರಾಜಮಾತೆಯು ಬಾಲಕ ಸುಲ್ತಾನನನ್ನು ಕರೆದುಕೊಂಡು ಫಿರೋಜಾಬಾದಿಗೆ ಹೋಗಬೇಕಾಯಿತು. ತನ್ನಲ್ಲಿ ಸೇನೆ ಸಾಲದೆಂಬುದನ್ನು ಗಾವಾನನು ಅರಿತನು. ಆದರೆ ಮಾಳವಕ್ಕೆ ಬೆನ್ನ ಹಿಂದೆ ಒಬ್ಬ ಎದುರಾಳಿಯಿರುವುದನ್ನೂ ಅರಿತನು. ಗುಜರಾತಿನ ಸುಲ್ತಾನ ಮಹಮೂದ ಬೇಗಡನಿಗೆ ಬೀದರಿನಿಂದ ಪತ್ರ ಹೋಯಿತು. ದಖ್ಖನ ಮಾಳವದ ವಶವಾದರೆ ಗುಜರಾತಿಗೂ ಕ್ಷೇಮವಿಲ್ಲವೆಂಬುದು ಬೇಗಡನಿಗೆ ಮನದಟ್ಟಾಯಿತು. ಗುಜರಾತಿನ ಸೈನ್ಯ ಗಡಿಗೆ ಬಂದೊಡನೆ ಖಿಲ್ಜಿಯು ಮುತ್ತಿಗೆಯನ್ನು ತೆಗೆದು, ಗೊಂಡವನದ ಕಾಡುದಾರಿಯಲ್ಲಿ ಬಾಯಾರಿಕೆಯಿಂದ ಬಳಲುತ್ತ ಹಿಂದಿರುಗಿದನು. ಮಾರನೆಯ ವರ್ಷ ಆತನು ಮತ್ತೆ ಬಂದಾಗಲೂ ಇದೇ ಸ್ನೇಹವು ರಾಜ್ಯವನ್ನು ಉಳಿಸಿತು.

1463ರಲ್ಲಿ ಮೂರನೆಯ ಮಹಮ್ಮದ ಷಾಹನು ಪಟ್ಟವೇರಿದನು. ಆತನ ಕಾಲದಲ್ಲಿಯೇ ಗಾವಾನನು ಪ್ರಧಾನಮಂತ್ರಿಯಾದನು. 1472ರಲ್ಲಿ ವಿಜಯನಗರದವರ ಕೈಯಲ್ಲಿದ್ದ ಗೋವೆಯನ್ನು ಹಿಡಿದನು. ಮರುವರ್ಷ ಬೆಳಗಾವಿಯೂ ಬಹಮನಿ ರಾಜ್ಯಕ್ಕೆ ಸೇರಿತು. ಇದು ಕನ್ನಡದ ಕೋಟೆಗಳ ಮೇಲೆ ನಡೆದ ಯುದ್ಧವೇ ಸರಿ. ಆತನನ್ನು ಶಾಂತಿದೂತನೆಂದು ಬಣ್ಣಿಸುವುದು ಸತ್ಯಕ್ಕೆ ದೂರ. ಆದರೆ ಗೋವೆಯ ಬೆಲೆಯನ್ನು ಆತನು ವರ್ತಕನ ಕಣ್ಣಿನಿಂದ ಕಂಡನೆಂಬುದು ಗಮನಾರ್ಹ. ಅರಬ್ಬೀ ಕುದುರೆಗಳು ಬಂದಿಳಿಯುವ ಬಂದರು ಯಾರ ಕೈಯಲ್ಲಿದೆಯೋ ಅವರದೇ ದಖ್ಖನದ ಅಶ್ವಬಲ.

ಈ ರಾಜಕಾರ್ಯಗಳ ನಡುವೆಯೂ ಆತನ ಲೇಖನಿ ವಿರಮಿಸಲಿಲ್ಲ. ಆತನ ಪಾರಸೀ ಪತ್ರಗಳ ಸಂಗ್ರಹವು ‘ರಿಯಾಜುಲ್ ಇನ್‌ಷಾ’ ಎಂಬ ಹೆಸರಿನಿಂದ ಉಳಿದು ಬಂದಿದೆ. ಪತ್ರಲೇಖನದ ಶಾಸ್ತ್ರವನ್ನೇ ಕುರಿತು ‘ಮನಾಜಿರುಲ್ ಇನ್‌ಷಾ’ ಎಂಬ ಗ್ರಂಥವನ್ನೂ ಆತನು ಬರೆದನು. ಕಾನ್‌ಸ್ಟಾಂಟಿನೋಪಲನ್ನು ಗೆದ್ದ ತುರ್ಕಿಯ ಸುಲ್ತಾನ ಎರಡನೆಯ ಮಹಮ್ಮದನಿಗೆ ಬರೆದ ಪತ್ರಗಳೂ, ಹಿರಾತದ ಮಹಾಕವಿ ಜಾಮಿಗೆ ಬರೆದ ಪತ್ರಗಳೂ, ತನ್ನ ಮಕ್ಕಳಿಗೆ ಬುದ್ಧಿ ಹೇಳಿದ ಪತ್ರಗಳೂ ಆ ಸಂಗ್ರಹದಲ್ಲಿವೆ. ಜಾಮಿಯನ್ನು ಬೀದರಿಗೆ ಕರೆತರಬೇಕೆಂದು ಆತನು ಬಹಳ ಆಸೆಪಟ್ಟನು; ಕವಿಯು ಬರಲಿಲ್ಲವಾದರೂ ಸ್ನೇಹ ಕಡಿಯಲಿಲ್ಲ. 1472ರಲ್ಲಿ ಬೀದರಿನಲ್ಲಿ ಮುಗಿದ ಮದರಸವು ಇಂಥ ಪಂಡಿತರಿಗಾಗಿಯೇ ಕಟ್ಟಿದ ಮನೆ. ಮೂರು ಅಂತಸ್ತು, ವಿದ್ಯಾರ್ಥಿಗಳ ಕೋಣೆಗಳು, ಮೂರು ಸಾವಿರ ಗ್ರಂಥಗಳಿದ್ದುವೆಂದು ಹೇಳುವ ಪುಸ್ತಕಭಂಡಾರ, ಮುಂಭಾಗದಲ್ಲಿ ನೀಲಿ, ಹಳದಿ, ಬಿಳಿ ಬಣ್ಣಗಳ ಹೊಳಪಿನ ಹೆಂಚುಗಳು: ಪಾರಸೀಕದ ಒಂದು ತುಂಡನ್ನು ಬೀದರಿನ ಕೆಂಪು ಮಣ್ಣಿನ ಮೇಲೆ ತಂದಿಟ್ಟಂತೆ ಅದು ತೋರುತ್ತದೆ. ಔರಂಗಜೇಬನ ಕಾಲದಲ್ಲಿ, 1696ರ ಸುಮಾರಿಗೆ, ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೂ ಒಂದು ಮಿನಾರೂ ಹಾರಿಹೋದುವು. ಉಳಿದ ಮಿನಾರು ಇಂದಿಗೂ ನಿಂತಿದೆ.

ಅದೇ ವರ್ಷಗಳಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫಾನಾಸಿ ನಿಕಿತಿನನು ಈ ಮಂತ್ರಿಯ ವೈಭವವನ್ನು ಕಂಡು ಬರೆದಿಟ್ಟಿದ್ದಾನೆ. ದಿನವೂ ಆತನ ಪಂಕ್ತಿಯಲ್ಲಿ ಐನೂರು ಮಂದಿ ಉಣ್ಣುತ್ತಿದ್ದರಂತೆ. ಲಾಯದಲ್ಲಿ ಎರಡು ಸಾವಿರ ಕುದುರೆಗಳಿದ್ದುವಂತೆ. ನಾಡಿನ ಪ್ರಭುಗಳೆಲ್ಲ ಖುರಾಸಾನಿಗಳೆಂದೂ, ಹಳ್ಳಿಯ ಜನ ಕಡುಬಡವರೆಂದೂ ಅದೇ ನಿಕಿತಿನನು ಬರೆಯುತ್ತಾನೆ. ಪರದೇಶಿಗಳ ಏಳಿಗೆ ದಖ್ಖನಿಗಳ ಕಣ್ಣಿಗೆ ಹೇಗೆ ಕಂಡಿರಬೇಕೆಂಬುದನ್ನು ಇದರಿಂದ ಊಹಿಸಬಹುದು. ಆದರೆ ಮಂತ್ರಿಯ ಸ್ವಂತ ಜೀವನವು ಬೇರೆಯಾಗಿದ್ದಿತೆಂದು ಚರಿತ್ರಕಾರ ಫಿರಿಷ್ತನು ಹೇಳುತ್ತಾನೆ: ಮಣ್ಣಿನ ಪಾತ್ರೆಯಲ್ಲಿ ಅಡಿಗೆ, ಚಾಪೆಯ ಮೇಲೆ ನಿದ್ರೆ, ತನ್ನ ಖರ್ಚಿಗೆ ವ್ಯಾಪಾರದಿಂದ ಬಂದ ಲಾಭ, ಜಹಗೀರಿಯ ಉತ್ಪನ್ನವೆಲ್ಲ ಸೈನ್ಯಕ್ಕೂ ಬಡವರಿಗೂ.

ಪಕ್ಷದ್ವೇಷದ ಅಪಾಯವನ್ನು ಗಾವಾನನು ಅರಿಯದವನಲ್ಲ. ಪರದೇಶಿಗಳಿಗೂ ದಖ್ಖನಿಗಳಿಗೂ ಅಧಿಕಾರವನ್ನು ತೂಗಿ ಹಂಚಿದನು. ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದನು, ಪ್ರತಿಯೊಬ್ಬ ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಮಿಕ್ಕವನ್ನು ನೇರವಾಗಿ ಸುಲ್ತಾನನ ವಶಕ್ಕೆ ಕೊಟ್ಟನು, ಭೂಮಿಯನ್ನು ಅಳೆಯಿಸಿದನು. ರಾಜ್ಯಕ್ಕೆ ಇದರಿಂದ ಹಿತವಾಯಿತು. ಆದರೆ ಅಧಿಕಾರ ಕಡಿಮೆಯಾದ ಸರದಾರರ ಪಾಲಿಗೆ ಇದು ಒಬ್ಬ ಪರದೇಶಿಯ ಕೈಯಿಂದ ಬಂದ ಅಪಮಾನವೆನಿಸಿತು. ತಕ್ಕಡಿಯಲ್ಲಿ ಅಧಿಕಾರವನ್ನು ತೂಗಬಹುದು, ವಿಶ್ವಾಸವನ್ನು ತೂಗಲಾಗದು.

ಈ ಅತೃಪ್ತರ ಮುಖಂಡನು ಮಲಿಕ್ ಹಸನ್ ನಿಜಾಮುಲ್ ಮುಲ್ಕ್. ಗಾವಾನನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಮದ್ಯದಿಂದ ಮರುಳುಗೊಳಿಸಿ, ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಆ ಮೇಲೆ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸದ ಗಜಪತಿಯನ್ನು ಕರೆಯುವ ಪತ್ರವನ್ನು ಆ ಕಾಗದದ ಮೇಲೆ ಬರೆದರು. ಸುಲ್ತಾನನು ಮದ್ಯಪಾನ ಮಾಡಿದ್ದ ಸಮಯದಲ್ಲಿ ಅದನ್ನು ಆತನ ಕೈಗೆ ಕೊಟ್ಟರು. ಕರೆ ಬಂದಾಗ ಮಿತ್ರರು ಗಾವಾನನಿಗೆ, ಗುಜರಾತಿಗೆ ಓಡಿಹೋಗು, ನಿನ್ನ ಸವಾರರು ಸಿದ್ಧರಾಗಿದ್ದಾರೆ ಎಂದರು. ಒಮ್ಮೆ ಪ್ರಾಣಭಯದಿಂದ ಹುಟ್ಟಿದ ನಾಡನ್ನು ಬಿಟ್ಟುಬಂದವನು ಈ ನಾಡನ್ನು ಬಿಡಲು ಒಪ್ಪಲಿಲ್ಲ. ಮುದ್ರೆ ತನ್ನದು, ಪತ್ರ ಮಾತ್ರ ತನ್ನದಲ್ಲವೆಂಬುದೇ ಆತನ ಉತ್ತರ. ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ್ದ ಆ ವೃದ್ಧನ ತಲೆಯನ್ನು ಕತ್ತರಿಸಲಾಯಿತು. ಸತ್ಯವು ತಿಳಿದಾಗ ಸುಲ್ತಾನನಿಗೆ ಉಳಿದದ್ದು ಪಶ್ಚಾತ್ತಾಪ ಮಾತ್ರ. ಒಂದು ವರ್ಷ ತುಂಬುವುದರೊಳಗೆ ಆತನೂ ತೀರಿಹೋದನು. ಹತ್ತು ವರ್ಷಗಳೊಳಗೆ ಬಿಜಾಪುರ, ಅಹಮದನಗರ, ವರ್ಹಾಡಗಳು ಕೈಬಿಟ್ಟುವು.

ರಾಜ್ಯದೊಳಗಿನ ವೈಷಮ್ಯವನ್ನು ಬೇರೊಂದು ಬಗೆಯಲ್ಲಿ ಪರಿಹರಿಸಿದ ನಿದರ್ಶನವೊಂದು ನಮ್ಮ ಸಮೀಪದಲ್ಲಿಯೇ ಉಂಟು. ಮಾಗಡಿಯ ಬಳಿ ಕಲ್ಯವೆಂಬ ಊರಿದೆ. ಶಾಸನಗಳಲ್ಲಿ ಅದರ ಹೆಸರು ಕಲ್ಲೆಹ. ಗಾವಾನನು ದಾಭೋಳದಲ್ಲಿ ಇಳಿಯುವುದಕ್ಕೆ 85 ವರ್ಷಗಳ ಮೊದಲು, 1368ರಲ್ಲಿ, ವಿಜಯನಗರದ ಬುಕ್ಕರಾಯನು ಕೊಟ್ಟ ತೀರ್ಪಿನ ಶಾಸನವು ಅಲ್ಲಿ ದೊರೆತಿದೆ. ಅದೇ ತೀರ್ಪಿನ ಶಾಸನವು ಶ್ರವಣಬೆಳಗೊಳದಲ್ಲಿಯೂ ಇದೆ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ದೂರು ಕೊಟ್ಟರು. ಅರಸನು ಎರಡು ಪಕ್ಷಗಳ ಮುಖಂಡರನ್ನೂ ನಾಡಿನ ಹಿರಿಯರನ್ನೂ ಕೂಡಿಸಿದನು. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ, ಕಲಶಗಳ ಮರ್ಯಾದೆಯನ್ನು ಸ್ಥಿರಪಡಿಸಿದನು. ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ಹೊಣೆಯು ತಿರುಮಲೆಯ ತಾತಯ್ಯನೆಂಬ ವೈಷ್ಣವನದಾಯಿತು. ಅದರ ವೆಚ್ಚಕ್ಕೆ ಜೈನರು ಮನೆಗೊಂದು ಹಣ ಕೊಡಬೇಕೆಂದು ಗೊತ್ತಾಯಿತು.

ಕಲ್ಯದಲ್ಲಿದ್ದದ್ದು ಮತದ ಜಗಳ, ಬೀದರಿನಲ್ಲಿದ್ದದ್ದು ಅಧಿಕಾರದ ಜಗಳ. ಎರಡನ್ನೂ ಒಂದೇ ಎನ್ನಲಾಗದು. ಆದರೂ ಒಂದು ಮಾತನ್ನು ಹೇಳಬಹುದು. ಕಲ್ಯದಲ್ಲಿ ನಡುವೆ ನಿಂತವನು ಅರಸನೇ; ದೂರನ್ನು ಕೇಳಿದ್ದು ಎಲ್ಲರೆದುರಿಗೆ; ತೀರ್ಪನ್ನು ಬರೆದದ್ದು ದಾರಿಹೋಕನೂ ಓದಬಹುದಾದ ಕಲ್ಲಿನ ಮೇಲೆ. ಬೀದರಿನಲ್ಲಿ ಆ ಕೆಲಸವೆಲ್ಲ ಒಬ್ಬ ಮಂತ್ರಿಯ ಹೆಗಲ ಮೇಲೆ ಬಿದ್ದಿತು. ಆತನಾದರೋ ಆ ಎರಡು ಪಕ್ಷಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಸೇರಿದವನು. ಎಷ್ಟೇ ನಿಷ್ಪಕ್ಷಪಾತಿಯಾದರೂ ಎದುರು ಪಕ್ಷದವರ ಕಣ್ಣಿಗೆ ಆತನು ಮಧ್ಯಸ್ಥನಾಗಲಾರನು. ದೂರನ್ನು ಬಹಿರಂಗವಾಗಿ ಕೇಳುವ ಸಭೆ ಇಲ್ಲದಲ್ಲಿ ದ್ವೇಷವು ಗುಪ್ತವಾದ ಕಾಗದವನ್ನು ಹುಡುಕಿಕೊಳ್ಳುತ್ತದೆ. ಪತ್ರಗಳಿಂದ ರಾಜ್ಯವನ್ನು ಉಳಿಸಿದವನನ್ನು ಒಂದು ಪತ್ರವೇ ಕೊಂದಿತು.

ಬೀದರಿನ ಹೊರವಲಯದಲ್ಲಿ ಗಾವಾನನ ಸಮಾಧಿಯಿದೆ. ಮದರಸವನ್ನು ನೋಡಹೋಗುವವರು ಅಲ್ಲಿಗೂ ಹೋಗಿಬರಬೇಕು. ಮತ್ತೊಂದು ದಿನ ಬಿಡುವು ದೊರೆತಾಗ ಮಾಗಡಿಯ ಕಡೆಗೆ ಹೊರಟು ಕಲ್ಯವನ್ನೂ ಕಾಣಬೇಕು. ಹೊರಗಿನಿಂದ ಬಂದವರು ನಾಡಿಗೆ ಏನನ್ನು ಕೊಡಬಲ್ಲರೆಂಬುದನ್ನು ಮೊದಲನೆಯ ಊರು ಹೇಳುತ್ತದೆ. ಅವರನ್ನು ಉಳಿಸಿಕೊಳ್ಳುವುದಕ್ಕೆ ನಾಡಿನ ದೊರೆಗಳು ಏನು ಮಾಡಬೇಕಾಗಿದ್ದಿತೆಂಬುದನ್ನು ಎರಡನೆಯ ಊರಿನಲ್ಲಿ ಓದಬಹುದು.